ಬೆನ್ನಿಗೆ ಶಾಖ, ಎದೆಗೆ ತಣ್ಣೀರು

ಯಾರಾದರೂ ನಿಮ್ಮನ್ನು ತಲೆಯಿಂದ ಕಾಲಿನವರೆಗೆ, ಮಧ್ಯೆ ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಬೈದಾಗ ನಿಮಗೆ ಖುಷಿಯಿಂದ ಕಣ್ಣಲ್ಲಿ ನೀರು ಬಂದದ್ದಿದೆಯೇ? ಇಲ್ಲ ತಾನೆ? ಹಾಗಾದರೆ ನೀವು ಯಾವತ್ತೂ ಉಬ್ಬಸದ ರೋಗಿಯ ಪಕ್ಕದಲ್ಲಿ ಕೂತವರಲ್ಲ. ನಾನು ಕೂತಿದ್ದೇನೆ. ಬೈಸಿಕೊಂಡಿದ್ದೇನೆ. ಆ ಬೈಗುಳ ಎಷ್ಟು ಉದ್ದ ಬಂತು ಎಂದು ಅಳೆದಿದ್ದೇನೆ ಕೂಡ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ ಮೇಲೆ ಸ್ವಲ್ಪ ದಿನ ಎಲ್ಲರಿಗೂ ಬೆಳಿಗ್ಗೆ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿ ಕಾಟ ಕೊಟ್ಟೆ. ಅದು ಸಾಕಾಯಿತು. ಈಗ ಇದು.

ಆಗ ಆಂಧ್ರ ಬೇರೆ ರಾಜ್ಯವಾಗಿರಲಿಲ್ಲ. ಹಿಂದೂಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ದಾದಿಯಾಗಿದ್ದೆ. ಕುಂದುರ್ಪಿ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ಮದುವೆ ಇನ್ನೂ ಆಗಿರಲಿಲ್ಲ, ಬಾಯಿ ಮಾತ್ರ ಆಗಲೇ ದೊಡ್ಡದಾಗಿತ್ತು. ಯುಗಾದಿ ಕಳೆದು ಬಿಸಿಲು ಏರುತ್ತಿದ್ದಾಗ ಒಬ್ಬ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ಲಿಂಗವಂತರ ಮನೆಯ ಯಜಮಾನಿ. ಹಿಂದೂಪುರಕ್ಕೆ ನಂಟರ ಮದುವೆಗೆ ಬಂದವಳಿಗೆ ನ್ಯುಮೋನಿಯಾ ಹಿಡಿದಿತ್ತು. ಜ್ವರ ಇಳಿಯಿತು, ಉಬ್ಬಸ ಇಳಿಯಲಿಲ್ಲ. ಕೂತಲ್ಲೇ ಗುಡ್ಡ ಹತ್ತುವವರ ಹಾಗೆ ಉಸಿರಾಡುತ್ತಿದ್ದಳು. ಕೈ ಹಿಡಿದರೆ ನಾಡಿ, ಬೆದರಿದ ಕುರಿ ಹಿಂಡಿನ ಹಾಗೆ ಓಡುತ್ತಿತ್ತು.

ಇಲ್ಲೇ ಇದ್ದು ವಾಸಿ ಮಾಡಿಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಯಜಮಾನಿ ಮಗನ ಕಡೆ ತಿರುಗಿದಳು.

“ಕಂಡೋರ ಮಂಚದ ಮ್ಯಾಲೆ… ಸಾಯಕ್ಕೆ… ನಾನೇನು… ದಿಕ್ಕಿಲ್ದೋಳೇನ್ಲಾ? ಗಾಡಿ… ಕಟ್ಸು.”

ಒಂದೆರಡು ಮಾತಿಗೆ ಒಂದು ಸಲ ಉಸಿರು ತೆಗೆದುಕೊಂಡಳು, ಆದರೂ ಸೋತವಳು ಅವಳಲ್ಲ. ಮಗ ದೊಡ್ಡ ವ್ಯಾಪಾರಿ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವನು. ತಾಯಿಯ ಮುಂದೆ ಮಾತ್ರ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅವರ ಜೊತೆ ಕಲ್ಯಾಣದುರ್ಗಕ್ಕೆ ಹೋಗು, ಮನೆಯಲ್ಲೇ ಆರೈಕೆ ಮಾಡು ಎಂದರು. ಔಷಧಿಯ ಸೀಸೆ ಕೊಟ್ಟರು. ಆಮೇಲೆ ಶಾಖದ ಕ್ರಮವನ್ನು ಬಿಡಿಸಿ ಹೇಳಿದರು.

ಕ್ರಮ ಇಷ್ಟೇ. ಬಿಸಿ ಶಾಖ ಬೆನ್ನಿಗೆ, ರೆಕ್ಕೆಮೂಳೆಗಳ ನಡುವೆ. ಕಾಲು ಬಿಸಿನೀರಿನಲ್ಲಿ. ಅದರಿಂದ ಕಫ ಸಡಿಲವಾಗುತ್ತದೆ, ಉಸಿರಿಗೆ ದಾರಿಯಾಗುತ್ತದೆ. ಆದರೆ ಬಿಸಿ ಬಿದ್ದ ಕೂಡಲೇ ಹೃದಯ ಜೋರಾಗಿ ಓಡುತ್ತದೆ. ಗಟ್ಟಿ ಹೃದಯವಾದರೆ ಓಡಲಿ, ದಣಿದ ಹೃದಯ ಓಡಬಾರದು. ಅದಕ್ಕೆ ಅದೇ ಹೊತ್ತಿಗೆ ಎಡಗಡೆ ಎದೆಯ ಮೇಲೆ ತಣ್ಣೀರಿನ ಪಟ್ಟಿ ಇರಬೇಕು. ತಂಪು ಹೃದಯಕ್ಕೆ ಲಗಾಮು. ಪಟ್ಟಿ ಬೆಚ್ಚಗಾಗುವ ಮುಂಚೆ ಬದಲಾಯಿಸಬೇಕು. ತುಟಿ, ಉಗುರು ನೀಲಿಯಾದರೆ ತಂಪು ತೆಗೆದು ಒಣ ಬಟ್ಟೆಯಲ್ಲಿ ಉಜ್ಜಬೇಕು. ಮುಖ ಕೆಂಪೇರಿ ನಾಡಿ ಹಾರಿದರೆ ಬಿಸಿ ನಿಲ್ಲಿಸಬೇಕು.

“ವೀಪುಕಿ ವೇಡಿ, ಗುಂಡೆಕಿ ಚಲ್ಲ. ಒಕಟಿ ಲೇಕುಂಡಾ ಒಕಟಿ ಚೆಯ್ಯೊದ್ದು,” ಎಂದರು ಡಾಕ್ಟರು. ಬೆನ್ನಿಗೆ ಬಿಸಿ, ಗುಂಡಿಗೆಗೆ ತಂಪು, ಒಂದಿಲ್ಲದೆ ಇನ್ನೊಂದು ಮಾಡಬೇಡ. ತಂಪು ತಾಗಿದ ಮೊದಲ ಕ್ಷಣ ರೋಗಿ ಗಕ್ಕನೆ ಉಸಿರು ಎಳೆದುಕೊಳ್ಳುತ್ತಾಳೆ, ಹೆದರಬೇಡ, ಅದರ ಹಿಂದೆ ಉದ್ದನೆಯ ಉಸಿರು ಬರುತ್ತದೆ ಎಂದೂ ಹೇಳಿದರು. ಕೊನೆಗೆ ಹೇಳಿದ್ದು ಇದು: “ಆಯಮ್ಮನ್ನ ಮಾತಾಡಿಸ್ತಾ ಇರು. ಒಂದು ಉಸಿರಿಗೆ ಎಷ್ಟು ಮಾತು ಬರುತ್ತೋ ನೋಡು. ಅದೇ ನಿನಗೆ ಗುರುತು.”

ಯಜಮಾನಿ ಯಾವ ಥರದ ಮಾತು ಆಡುತ್ತಾಳೆ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ.

ಅಷ್ಟು ದೂರಕ್ಕೆ ಗಾಡಿ ಆಗದೆಂದು ಮಗ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಅವಳಿಗೆ ಮುಂದಿನ ಸೀಟು, ನನಗೆ ಹಿಂದೆ, ಹುಣಸೆಹಣ್ಣಿನ ಗೋಣಿಗಳ ಪಕ್ಕ. ನನ್ನ ನೆರಳೂ ತಾಗದಷ್ಟು ದೂರ. ಬಸ್ಸು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಅವಳು ಹಿಂದಕ್ಕೆ ತಿರುಗಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು, ಆ ರಸ್ತೆಯನ್ನು ನಾನೇ ಅಗೆದಿದ್ದೆ ಎನ್ನುವ ಹಾಗೆ.

ಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅತ್ತೆಯನ್ನು ಒಳಗೆ ಕರೆದುಕೊಂಡಳು, ನನ್ನನ್ನು ನೋಡಿ ಬಾಗಿಲಿಗೆ ಅಡ್ಡ ನಿಂತಳು.

“ನೀನು ಯಾರೋಳೇ?”

“ಕುರುಬರೋಳು ಕಣಕ್ಕ. ಡಾಕ್ಟ್ರು ಕಳ್ಸವ್ರೆ.”

“ಅಕ್ಕ ಗಿಕ್ಕ ಅನ್ಬ್ಯಾಡ. ಪಡಸಾಲೇಲಿ ಇರು. ಬಾವಿ ಮುಟ್ಬ್ಯಾಡ, ಹಂಡೆ ಮುಟ್ಬ್ಯಾಡ, ನೀರಿನ ಹೂಜಿ ಮುಟ್ಬ್ಯಾಡ.”

“ನಾನು ಬಂದಿರೋದೇ ನೀರಿನ ಕೆಲ್ಸುಕ್ಕೆ.”

“ಅಂಗಾದ್ರೆ ಬಂದಿದ್ದೇ ತೆಪ್ಪು.”

ಲಿಂಗವಂತರಿಗೆ ಮಡಿ ಮೈಲಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮನೆಯ ಹಿತ್ತಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಾನು ಆಸ್ಪತ್ರೆಯಿಂದ ತಂದಿದ್ದ ಶಾಖದ ಬಟ್ಟೆಗಳನ್ನು ಸೊಸೆ ಕೋಲಿನಿಂದ ಎತ್ತಿ ಹೊರಗೆ ಹಾಕಿದಳು, ಯಾರು ಯಾರು ಸತ್ತ ಬಟ್ಟೆಯೋ ಏನೋ ಎಂದು. ಆಗ ನನಗೆ ಹೊದ್ದುಕೊಳ್ಳಲು ನನ್ನ ಅವ್ವ ಕೊಟ್ಟಿದ್ದ ಕಂಬಳಿಯ ನೆನಪಾಯಿತು. ಉಣ್ಣೆಗೆ ಮೈಲಿಗೆ ಇಲ್ಲ ಎಂದು ಆ ಕಾಲದಲ್ಲಿ ಎಲ್ಲ ಜಾತಿಯವರೂ ಒಪ್ಪುತ್ತಿದ್ದರು. ಕಂಬಳಿಯನ್ನು ಪಡಸಾಲೆಯಲ್ಲೇ ಕತ್ತರಿಸಿ ಪಟ್ಟಿ ಮಾಡಿದೆ. ಸೊಸೆಗೆ ಕೋಪ ಇನ್ನೂ ಜಾಸ್ತಿಯಾಯಿತು. ನೀರನ್ನು ಮಾತ್ರ ಅವಳೇ ಎತ್ತರದಿಂದ ನನ್ನ ಬೋಗುಣಿಗೆ ಸುರಿಯುತ್ತಿದ್ದಳು.

ಕುದಿಯುವ ನೀರಿನಲ್ಲಿ ಅದ್ದಿದ ಉಣ್ಣೆಯನ್ನು ಒಬ್ಬರೇ ಹಿಂಡಲಾಗದು. ಒಂದು ಒಣ ಟವಲಿನ ನಡುವೆ ಅದನ್ನು ಇಟ್ಟು, ಎರಡು ತುದಿ ಇಬ್ಬರು ಹಿಡಿದು, ಎದುರು ಬದುರಾಗಿ ತಿರುಚಬೇಕು. ನೀರು ಉಳಿದರೆ ಚರ್ಮ ಬೆಂದುಹೋಗುತ್ತದೆ, ಬರೀ ಹಬೆ ಉಳಿಯಬೇಕು. ಒಂದು ತುದಿ ನಾನು, ಇನ್ನೊಂದು ತುದಿ ಸೊಸೆ. ನನ್ನ ಕುತ್ತಿಗೆಯೇ ಕೈಗೆ ಸಿಕ್ಕಿದೆ ಅನ್ನುವ ಹಾಗೆ ಅವಳು ಹಲ್ಲು ಕಚ್ಚಿ ತಿರುಚುತ್ತಿದ್ದಳು. ಅಷ್ಟು ಚೆನ್ನಾಗಿ ಹಿಂಡಿದ ಪಟ್ಟಿಯನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

ಹಾಗೆ ಬೆನ್ನಿನ ಶಾಖಕ್ಕೆ ಸಿದ್ಧವಾಯಿತು. ಇನ್ನು ಎದೆಯ ತಂಪು. ಹೂಜಿಯ ನೀರಿನಲ್ಲಿ ಅದ್ದಿದ ಪಟ್ಟಿ ಹಿಡಿದು ಯಜಮಾನಿಯ ಸೆರಗು ಸರಿಸಿದೆ. ಅಲ್ಲೇ ನಿಂತುಬಿಟ್ಟೆ.

ಡಾಕ್ಟರು ತಮ್ಮ ಎದೆಯ ಮೇಲೆ ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ ಬೆಳ್ಳಿಯ ಕರಡಿಗೆ ಕೂತಿತ್ತು. ಲಿಂಗವಂತರು ತಮ್ಮ ಲಿಂಗವನ್ನು ಇಟ್ಟು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ ಅದು. ಆ ಮನೆಯದು ದಪ್ಪ, ಬದನೆಕಾಯಿಯಷ್ಟು. ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವವರೆಗೂ ಮೈ ಬಿಟ್ಟು ಹೋಗಬಾರದು. ಹೋದರೆ ಪ್ರಾಣ ಹೋದ ಹಾಗೆಯೇ.

“ಸ್ವಲ್ಪ ಈ ಕಡೆ ಸರಿಸ್ಲಾ ಅವ್ವಾ?” ಎಂದು ಕೈ ಚಾಚಿದೆ.

ಯಜಮಾನಿ ನನ್ನ ಕೈಯ ಮೇಲೆ ಪಟ್ಟನೆ ಹೊಡೆದಳು. “ಮುಟ್ದೆ ಅಂದ್ರೆ… ನಿನ್ ಕೈ ಸೇದೋಗ… ಮೂದೇವಿ!”

ಸೊಸೆಗೂ ಅದೇ ಬೇಕಾಗಿತ್ತು. “ಉಬ್ಬಸ ಬಂದೋರ ಎದೆಗೆ ತಣ್ಣೀರು ಹಾಕ್ತಾರೇನೇ? ಸಾಯ್ಸಕ್ಕೆ ಬಂದಿದ್ದೀಯ ನೀನು. ಬರೀ ಶಾಖ ಕೊಡು, ಸಾಕು.”

“ಬರೀ ಶಾಖ ಕೊಟ್ರೆ ಗುಂಡಿಗೆ ಓಡ್ತೈತೆ ಕಣಕ್ಕ. ಅದುಕ್ಕೆ ಓಡೋ ಶಕ್ತಿ ಇಲ್ಲ.”

“ನೀನೇನು ಒಳಗೆ ಹೋಗಿ ನೋಡ್ಕಂಡ್ ಬಂದಿದ್ದೀಯ?”

ಪಟ್ಟಿಯನ್ನು ಕರಡಿಗೆಯ ಮೇಲೇ ಹಾಸಿ ನೋಡಿದೆ. ಬೆಳ್ಳಿ ಡಬ್ಬಿ ತಣ್ಣಗಾಯಿತು, ಅಕ್ಕಪಕ್ಕದಲ್ಲಿ ಬಟ್ಟೆ ಡೇರೆಯ ಹಾಗೆ ಎದ್ದು ನಿಂತು ಚರ್ಮಕ್ಕೆ ತಾಗಲೇ ಇಲ್ಲ. ಕಂಕುಳ ಕಡೆ ಇಟ್ಟೆ. ಜಾರಿತು. ಅಷ್ಟರಲ್ಲಿ ಬೆನ್ನಿನ ಬಿಸಿಗೆ ನಾಡಿ ಏರತೊಡಗಿತು. ಡಾಕ್ಟರ ಮಾತಿನ ಪ್ರಕಾರ ಶಾಖ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಕಫ ಕಟ್ಟಿಕೊಂಡು ಉಸಿರು ಮತ್ತೆ ಸಣ್ಣದಾಯಿತು. ಕೊಟ್ಟರೆ ಹೃದಯಕ್ಕೆ ಕಷ್ಟ, ಬಿಟ್ಟರೆ ಉಸಿರಿಗೆ ಕಷ್ಟ.

ಮಾರನೆಯ ದಿನ ಯಜಮಾನಿಯ ಬೈಗುಳ ಮೂರು ಮಾತಿಗೆ ಇಳಿದಿತ್ತು. “ಮೂದೇವಿ… ಬಂದ್ಬುಟ್ಳು… ಸಾಯ್ಸಕ್ಕೆ.” ಮನೆಯಲ್ಲಿ ಎಲ್ಲರೂ ನನ್ನನ್ನು ಬೈಯುವುದು ಉದ್ದವಾಗುತ್ತಿತ್ತು, ಅವಳದು ಮಾತ್ರ ಗಿಡ್ಡವಾಗುತ್ತಿತ್ತು. ಉಳಿದವರು ಬೈದದ್ದು ನನಗೆ ಲೆಕ್ಕಕ್ಕಿರಲಿಲ್ಲ.

ಮಗನಿಗೆ ಒಂದು ಉಪಾಯ ಹೊಳೆಯಿತು. ಹಿಂದೂಪುರದಿಂದ ಮಂಜುಗಡ್ಡೆ ತರಿಸಿದರೆ ಪಕ್ಕದಲ್ಲಿ ಇಟ್ಟರೂ ತಂಪು ಒಳಗೆ ಇಳಿಯುತ್ತದಲ್ಲ, ಕರಡಿಗೆ ಸರಿಸುವುದೇ ಬೇಡ ಎಂದ. ಕೆಟ್ಟ ಯೋಚನೆ ಅಲ್ಲ. ಬಸ್ಸಿನವರ ಕೈಲಿ ಹೇಳಿ ಕಳಿಸಿದ. ಕಡಲೆಕಾಯಿ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಯಲ್ಲಿ ಹೊಲಿದು, ಬಸ್ಸಿನ ಮೇಲೆ ಹಾಕಿಸುತ್ತೇವೆ ಎಂದು ಹಿಂದೂಪುರದ ನಂಟರು ಒಪ್ಪಿದರು. ಇಳಿಸಿಕೊಳ್ಳಲು ಮರುದಿನ ಮಧ್ಯಾಹ್ನ ನಾನೇ ಬಸ್ಸಿನ ಹತ್ತಿರ ಹೋದೆ.

ಕಂಡಕ್ಟರು ಮೇಲಿಂದ ಒಂದು ಒದ್ದೆ ಗೋಣಿಯನ್ನು ಕೆಳಗೆ ಎಸೆದ. ಅದು ಹಗುರವಾಗಿ ಬಿತ್ತು.

“ಇದ್ರಲ್ಲಿದ್ದ ಗಡ್ಡೆ ಎಲ್ಲಯ್ಯಾ?”

“ಪೆನುಕೊಂಡದಲ್ಲೇ ಇಳ್ಕಂಡ್ಬುಡ್ತು ಕಣಮ್ಮ. ಟಿಕೇಟಿಲ್ದೆ ಬಂದಿತ್ತಲ್ಲ, ಭಯ ಬಿದ್ದಂಗೈತೆ.”

ಸುತ್ತ ನಿಂತವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ, ಅವನಿಗೆ ಒಂದು ತಿರುಗಿಸಿಯೂ ಕೊಡುತ್ತಿದ್ದೆ. ಒದ್ದೆ ಹೊಟ್ಟಿನ ಗೋಣಿಯನ್ನು ಅಲ್ಲೇ ಬಿಟ್ಟು ಬಿಸಿಲಿನಲ್ಲಿ ಮನೆಗೆ ಓಡಿದೆ.

ಒಳಗೆ ಕಾಲಿಟ್ಟರೆ ಹುರಿದ ಉಪ್ಪಿನ ವಾಸನೆ. ನಾನು ಹೊರಗೆ ಹೋಗುವುದನ್ನೇ ಕಾದಿದ್ದ ಸೊಸೆ ಹಂಚಿನ ಮೇಲೆ ಉಪ್ಪು ಹುರಿದು, ಗಂಟು ಕಟ್ಟಿ, ಅತ್ತೆಯ ಎದೆಗೆ ಶಾಖ ಕೊಡುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆಯನ್ನು ಉಳಿಸಬೇಕೆಂದೇ ಮಾಡುತ್ತಿದ್ದಳು. ಆದರೆ ಕರಡಿಗೆ ಸರಿಸಬಾರದಲ್ಲ. ಅದಕ್ಕೆ ಅದರ ಮೇಲೇ ಗಂಟು ಇಟ್ಟಿದ್ದಳು. ಬೆಳ್ಳಿ ಎಷ್ಟು ಬೇಗ ಕಾಯುತ್ತದೆ ಎನ್ನುವುದು ಆ ಗಾಬರಿಯಲ್ಲಿ ತೋಚಿರಲಿಲ್ಲ.

ಉಪ್ಪಿನ ಗಂಟನ್ನು ಕಿತ್ತು ಎಸೆದೆ. ಯಜಮಾನಿಯ ಮುಖ ಕಾದ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆಯ ನರ ಎದ್ದು ಹಾರುತ್ತಿತ್ತು. ನಾಡಿ ಬೆರಳಿಗೆ ಸಿಕ್ಕಿ ಸಿಕ್ಕಿ ತಪ್ಪಿಸಿಕೊಳ್ಳುತ್ತಿತ್ತು. ಸೆರಗಿನ ಒಳಗೆ, ಕರಡಿಗೆಯ ಕೆಳಗೆ, ಚರ್ಮ ದುಂಡಗೆ ಕೆಂಪಾಗಿತ್ತು. ಸುಡುತ್ತಿದ್ದರೂ ಆ ಹೆಂಗಸು ಅದನ್ನು ಸರಿಸಿರಲಿಲ್ಲ, ಸರಿಸಿ ಎಂದೂ ಹೇಳಿರಲಿಲ್ಲ.

“ನೋಡು, ನೀನು ಬಂದ್ಮ್ಯಾಲೆ ಏನಾಗೋಯ್ತು!” ಸೊಸೆ ಕಿರುಚಿದಳು. “ನಿನ್ ಕಾಲ್ಗುಣ, ನಿನ್ ಮನೆ ಹಾಳಾಗ!”

ನನಗೆ ಅವಳ ಮಾತು ಕೇಳಿಸಲಿಲ್ಲ. ಯಜಮಾನಿ ನನ್ನ ಕಡೆ ಕಣ್ಣು ತಿರುಗಿಸಿ, ಮೆಲ್ಲಗೆ, “ಅಮ್ಮಾ… ಬಂದ್ಯಾ,” ಎಂದಳು.

ಅಮ್ಮಾ! ಮೂದೇವಿ ಅನ್ನಲಿಲ್ಲ, ಕೈ ಸೇದೋಗ ಅನ್ನಲಿಲ್ಲ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು, ಅಷ್ಟು ಭಯ ನನಗೆ ಯಾವ ಬೈಗುಳದಿಂದಲೂ ಆಗಿರಲಿಲ್ಲ.

ಕಿರುಚಾಟ ಕೇಳಿ ಮಗ ಮಂಡಿಯಿಂದ ಬಂದ. ಬಂದವನೇ ನನ್ನ ಗಂಟು ಮೂಟೆ ಬೀದಿಗೆ ಎಸೆಯಲು ಬಗ್ಗಿದ. ಅಷ್ಟರಲ್ಲಿ ನನಗೆ ಬೆಳಿಗ್ಗೆ ಕಂಡದ್ದು ನೆನಪಾಯಿತು. ಬೆಳಿಗ್ಗೆ ಹೊಸಿಲಾಚೆ ನಿಂತು ಯಜಮಾನಿಯ ಪೂಜೆ ನೋಡಿದ್ದೆ. ಸೊಸೆ ಕರಡಿಗೆ ಬಿಚ್ಚಿ ಲಿಂಗವನ್ನು ಅತ್ತೆಯ ಎಡ ಅಂಗೈಯಲ್ಲಿ ಇಟ್ಟಿದ್ದಳು, ಮೇಲೆ ತಣ್ಣೀರು ಎರೆದಿದ್ದಳು. ಅಷ್ಟು ಹೊತ್ತು ಯಜಮಾನಿ ಯಾರನ್ನೂ ಬೈಯಲಿಲ್ಲ, ಆದರೂ ಉಸಿರು ಸಮವಾಗಿತ್ತು, ಕೈ ನಡುಗಲಿಲ್ಲ. ಎದೆಯ ಮೇಲೆ ಆಗ ದಾರ ಬಿಟ್ಟು ಏನೂ ಇರಲಿಲ್ಲ.

“ಅಕ್ಕಾ, ಬೆಳಿಗ್ಗೆ ಪೂಜೇಲಿ ಲಿಂಗ ಎಲ್ಲಿತ್ತು?”

“ಈಗ ಏನೇ ಅದು ನಿಂಗೆ!”

“ಎಲ್ಲಿತ್ತು ಹೇಳು.”

“ಅಂಗೈಲಿ.”

“ಅಂಗೈ ಅವ್ವನ ಮೈ ಅಲ್ವಾ? ಅಲ್ಲಿದ್ರೆ ಲಿಂಗ ಮೈ ಬಿಟ್ಟಂಗಾಯ್ತದಾ?”

ಸೊಸೆ ಗಂಡನ ಕಡೆ ನೋಡಿದಳು. ಮಗ ನನ್ನ ಗಂಟನ್ನು ಕೈಯಲ್ಲೇ ಹಿಡಿದು ನಿಂತ.

“ಪೂಜೆ ಅಂದ್ರೆ ಒಂದ್ಗಳಿಗೆ,” ಎಂದ. “ನಿನ್ ಪಟ್ಟಿ ಮುಗಿಯೋಗಂಟ ಹಿಡ್ಕೊಳ್ಳೋ ಶಕ್ತಿ ಅವ್ವಂಗೆಲ್ಲೈತೆ? ಕೈ ಸಡ್ಲಾಗಿ ಬಿತ್ತು ಅಂದ್ರೆ ಯಾರ್ ಜವಾಬ್ದಾರಿ? ನೀನಾ?”

ಅದು ನ್ಯಾಯವಾದ ಪ್ರಶ್ನೆ. ಬಿದ್ದರೆ ಆ ಮುದುಕಿ ಉಬ್ಬಸಕ್ಕಿಂತ ಮೊದಲು ಆ ಏಟಿಗೇ ಸಾಯುತ್ತಿದ್ದಳು, ಅದೂ ನನಗೆ ಗೊತ್ತಿತ್ತು.

“ಅವ್ವನ ಕೈ ಕೆಳಗೆ ಅಕ್ಕನ ಕೈ ಇರ್ಲಿ. ವಸ್ತ್ರದಲ್ಲಿ ಸುತ್ತಿ ಇಬ್ರ ಕೈಯೂ ಕೂಡ್ಸಿ ಕಟ್ರಿ. ನಾನು ಲಿಂಗಾನೂ ಮುಟ್ಟಲ್ಲ, ಕರಡಿಗೇನೂ ಮುಟ್ಟಲ್ಲ. ಎದೆ ಒಂದು ಬಿಟ್ಕೊಡಿ ನಂಗೆ.”

“ತಣ್ಣೀರು ಹಾಕಿ ಸಾಯ್ಸಕ್ಕಾ?” ಎಂದಳು ಸೊಸೆ. ಧ್ವನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಆಗ ಹಾಸಿಗೆಯಿಂದ ಯಜಮಾನಿ ಮಾತಾಡಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು.

“ದಿನಾ… ಲಿಂಗಕ್ಕೆ… ತಣ್ಣೀರೇ… ಹಾಕ್ತೀನಿ… ಅದುಕ್ಕೇನು… ನೆಗಡಿ… ಬಂದೈತಾ?”

ಎಡಗೈ ಬಿಚ್ಚಿ ಅಂಗೈ ಮೇಲೆ ಮಾಡಿ ಚಾಚಿದಳು.

ಸೊಸೆ ಕೈ ತೊಳೆದು ಬಂದಳು. ಬಿಸಿಯಾಗಿದ್ದ ಕರಡಿಗೆಯನ್ನು ಸೆರಗಿನಲ್ಲಿ ಹಿಡಿದು ಬಿಚ್ಚಿ ಲಿಂಗವನ್ನು ಅತ್ತೆಯ ಅಂಗೈಯಲ್ಲಿಟ್ಟಳು, ಖಾಲಿ ಕರಡಿಗೆಯನ್ನು ಪಕ್ಕಕ್ಕಿಟ್ಟಳು, ಅದರ ಮೇಲೆ ವಸ್ತ್ರ ಮುಚ್ಚಿದಳು, ತನ್ನ ಕೈಯನ್ನು ಅಡಿಗೆ ಕೊಟ್ಟಳು. ಮಗ ಎರಡು ಕೈಯನ್ನೂ ಸಡಿಲವಾಗಿ ಸುತ್ತಿ ಕಟ್ಟಿದ. ನಾನು ಸೆರಗು ಸರಿಸಿದೆ. ಬಿಸಿ ಈಗ ಬೇಡವೇ ಬೇಡ, ಮೈಯಲ್ಲಿ ಬೇಕಾದಷ್ಟಿತ್ತು. ಬೋಗುಣಿಯಲ್ಲಿ ಉಳಿದಿದ್ದ ಹೂಜಿಯ ನೀರಿನಲ್ಲಿ ಪಟ್ಟಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಎಡ ಎದೆಯ ಮೇಲೆ ಹಾಸಿ ಅಂಗೈಯಿಂದ ಒತ್ತಿದೆ.

ಯಜಮಾನಿ ಗಕ್ಕನೆ ಉಸಿರು ಎಳೆದುಕೊಂಡಳು. ಎದೆ ಮೇಲಕ್ಕೆದ್ದಿತು, ಕಣ್ಣು ಅಗಲವಾಯಿತು, ಬಾಯಿ ತೆರೆದೇ ಉಳಿಯಿತು.

“ಹೋದ್ರು! ಅತ್ತೆಮ್ಮ ಹೋದ್ರು!” ಸೊಸೆ ಕೂಗಿಕೊಂಡಳು. ನನ್ನ ಮೇಲೆ ಎರಗಲು ಎದ್ದಳು, ಎದ್ದವಳು ಹಾಗೇ ಕೂತಳು. ಕೈ ಲಿಂಗದ ಅಡಿಗೆ ಸಿಕ್ಕಿಕೊಂಡಿತ್ತಲ್ಲ. “ಈ ಕೈ ಖಾಲಿ ಇದ್ದಿದ್ರೆ ನಿನ್ ಜುಟ್ಟು ಕಿತ್ತಾಕ್ತಿದ್ದೆ ಕಣೇ!”

“ಆಮ್ಯಾಲೆ ಕೀಳಿವಂತೆ, ಎಲ್ಲೂ ಹೋಗಲ್ಲ ಅದು. ಈಗ ಅಲ್ಲಾಡ್ಬ್ಯಾಡ.”

ಡಾಕ್ಟರು ಹೇಳಿದ್ದ ಉದ್ದನೆಯ ಉಸಿರಿಗೆ ಕಾದೆ. ಅವರು ಹೇಳಿದ್ದಾಗ ಅದು ತಕ್ಷಣ ಬರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಕೂತಾಗ ಅದು ಬರುವುದೇ ಇಲ್ಲವೇನೋ ಅನ್ನಿಸಿತು. ಬಂತು. ತೂಬು ಬಿಚ್ಚಿದ ಹಾಗೆ ಹೊರಗೆ ಬಂತು, ಅದರ ಹಿಂದೆ ಇನ್ನೊಂದು. ಪಟ್ಟಿ ಆಗಲೇ ಬೆಚ್ಚಗಾಗಿತ್ತು. ಬದಲಾಯಿಸಿದೆ. ಈ ಸಲ ಅವಳು ಬೆಚ್ಚಿಬಿದ್ದದ್ದು ಕಡಿಮೆ. ಮತ್ತೆ ಬದಲಾಯಿಸಿದೆ. ತುಟಿ ನೋಡಿದೆ, ಉಗುರು ನೋಡಿದೆ, ನೀಲಿ ಇಲ್ಲ. ಮುಖದ ಕೆಂಪು ಕಿವಿಯವರೆಗೆ ಸರಿದು ಅಲ್ಲಿಂದ ಇಳಿಯಿತು.

ಸೊಸೆಯ ಬೆರಳು ಅತ್ತೆಯ ಮಣಿಕಟ್ಟಿನ ಮೇಲೆ ಇದ್ದದ್ದನ್ನು ನಾನು ಗಮನಿಸಿರಲಿಲ್ಲ. ಕೈ ಜಾರದಿರಲಿ ಎಂದು ಬಿಗಿಯಾಗಿ ಹಿಡಿದಿದ್ದಳು, ನಾಡಿ ತಾನಾಗಿ ಸಿಕ್ಕಿತ್ತು. ಅವಳು ತಲೆ ಎತ್ತದೆ ಹೇಳಿದಳು.

“ಓಡ್ತಿತ್ತು. ಈಗ ನಡೀತೈತೆ.”

ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ದಾರಿ ಸಿಕ್ಕಿತು. ಮೊದಲು ಪೂಜೆ. ಪೂಜೆಯಾದ ಮೇಲೆ ಲಿಂಗವನ್ನು ಅಂಗೈಯಲ್ಲೇ ಉಳಿಸಿಕೊಂಡು ಶಾಖ. ಕಾಲು ಬಿಸಿನೀರಿನಲ್ಲಿ, ಬೆನ್ನಿಗೆ ಕಂಬಳಿಯ ಪಟ್ಟಿ, ಎದೆಗೆ ತಣ್ಣೀರು. ಹಿಂಡಲು ಸೊಸೆ ಬೇಕು, ಕೈ ಹಿಡಿಯಲೂ ಸೊಸೆ ಬೇಕು. ಅದಕ್ಕೆ ಹಿಂಡುವ ಕೆಲಸಕ್ಕೆ ಮಗನನ್ನು ಹಚ್ಚಿದೆ. ಮಂಡಿಯಲ್ಲಿ ಹತ್ತು ಜನರನ್ನು ಆಳುವವನು ಹೆಂಡತಿಯಷ್ಟು ಚೆನ್ನಾಗಿ ಹಿಂಡಲಾರದೆ ನನ್ನಿಂದ ಬೈಸಿಕೊಂಡ. ಸೊಸೆ ಅತ್ತೆಯ ಪಕ್ಕ ಕೂತು, ಮುಖ ಗಂಟಿಕ್ಕಿಕೊಂಡೇ, “ಏರ್ತೈತೆ, ಬಿಸಿ ತೆಗಿ,” “ಇಳೀತು, ಹಾಕು,” ಎಂದು ಅಪ್ಪಣೆ ಕೊಡುತ್ತಿದ್ದಳು. ಬಾವಿ ಮುಟ್ಟುವ ಅಪ್ಪಣೆ ಮಾತ್ರ ಕೊನೆಯವರೆಗೂ ಕೊಡಲಿಲ್ಲ. ನನ್ನ ಊಟ ಪಡಸಾಲೆಯ ಮೂಲೆಯಲ್ಲೇ, ಎಲೆಯಲ್ಲೇ. ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ, ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಶಾಖದ ಹೊತ್ತಿಗೆ ನಾಲ್ಕು ಜನರ ಕೈಯೂ ಒಂದೇ ಮಂಚದ ಸುತ್ತ ಇರುತ್ತಿತ್ತು.

ಬೈಗುಳ ವಾಪಸು ಬಂತು. ಮೊದಲು ಬರೀ “ಮೂದೇವಿ.” ಮಾರನೇ ದಿನ “ಮೂದೇವಿ ಕೈ ನೋಡು ಹೆಂಗೈತೆ.” ಆಮೇಲೆ ಅದಕ್ಕೆ ನನ್ನ ಅವ್ವ ಸೇರಿದಳು, ಅಪ್ಪ ಸೇರಿದ, ನಮ್ಮ ಊರಿನ ಕುರಿಗಳೂ ಸೇರಿದವು. ಒಂದು ದಿನ ತಣ್ಣೀರು ಪಟ್ಟಿ ಹಾಕಿದಾಗ ನನ್ನ ಕುಲದ ಮೂರು ತಲೆಮಾರನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಎಳೆದು ತಂದು ಜಾಡಿಸಿದಳು. ನಾನು ಸೊಸೆಯ ಮುಖ ನೋಡಿದೆ, ಸೊಸೆ ನನ್ನ ಮುಖ ನೋಡಿದಳು. ಅವಳು ಬೇಗ ಆ ಕಡೆ ತಿರುಗಿಕೊಂಡಳು, ನಕ್ಕದ್ದು ನನಗೆ ಕಾಣಬಾರದೆಂದು.

ಯಜಮಾನಿಯನ್ನು ಉಳಿಸಿದ್ದು ತಣ್ಣೀರೋ, ಶಾಖವೋ, ಸೀಸೆಯ ಔಷಧಿಯೋ, ಅಂಗೈಯಲ್ಲಿದ್ದದ್ದೋ ನನಗೆ ಗೊತ್ತಿಲ್ಲ. ಹಿಂದೂಪುರಕ್ಕೆ ವಾಪಸು ಹೋಗಿ ಕೇಳಿದಾಗ ಡಾಕ್ಟರು ಅರ್ಧ ಅದು, ಅರ್ಧ ಇದು ಎಂದು ಕೈಯಾಡಿಸಿದರು. ಹೃದಯವನ್ನು ಹಿಡಿಯಲು ಒಂದು ಕೈ, ಉಸಿರನ್ನು ಬಿಡಿಸಲು ಇನ್ನೊಂದು ಕೈ ಬೇಕು ಎಂಬುದಷ್ಟೇ ನನಗೆ ಆ ಮಂಚದ ಪಕ್ಕದಲ್ಲಿ ಅರ್ಥವಾದದ್ದು. ಆಮೇಲೆ ಎಷ್ಟೋ ರೋಗಿಗಳಿಗೆ ಶಾಖ ಕೊಟ್ಟೆ. ಕೊಡುವ ಮುಂಚೆ ಎದೆಯ ಮೇಲೆ ಏನಿದೆ, ಅದನ್ನು ಎಲ್ಲಿ ಇಡೋಣ ಎಂದು ಕೇಳದೆ ಮುಂದುವರಿಯಲಿಲ್ಲ. ಇದನ್ನು ಓದಿಕೊಂಡು ನೀವು ಯಾರೂ ಮನೆಯಲ್ಲಿ ಮುದುಕಿಯರ ಎದೆಗೆ ತಣ್ಣೀರು ಹಾಕಲು ಹೋಗಬೇಡಿ. ಈಗ ಬೇರೆ ಔಷಧಿಗಳಿವೆ. ಹಾಕಿ ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.

ಹೊರಡುವ ದಿನ ಕಂಬಳಿಯ ತುಂಡುಗಳನ್ನು ಮಡಿಸಿ ಗಂಟಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಸೊಸೆ ಬಂದು ಕಿತ್ತುಕೊಂಡಳು.

“ಇದು ಇಲ್ಲೇ ಇರ್ಲಿ.”

“ನಮ್ಮವ್ವ ಕೊಟ್ಟಿದ್ದು ಕಣಕ್ಕ.”

“ನಿಮ್ಮವ್ವುಂಗೆ ಕುರಿ ಅವೆ, ಇನ್ನೊಂದು ನೇಯಿಸ್ಕಂತಾಳೆ. ನಂಗೆ ಇರೋಳು ಒಬ್ಳೇ ಅತ್ತೆ.”

ಅವಳು ಅದನ್ನು ಒಳಗೆ ತೆಗೆದುಕೊಂಡು ಹೋದಳು. ಹೊಸ ಕಂಬಳಿ ಕೊಡುತ್ತೇನೆ ಎಂದೇನೂ ಹೇಳಲಿಲ್ಲ. ನಾನು ಖಾಲಿ ಗಂಟು ಎತ್ತಿಕೊಂಡು ತಿರುಗಿದರೆ ಯಜಮಾನಿ ಹಾಸಿಗೆ ಬಿಟ್ಟು, ಗೋಡೆ ಹಿಡಿದುಕೊಂಡು, ತಾನೇ ನಡೆದು ಹೊಸಿಲಿನವರೆಗೆ ಬಂದು ನಿಂತಿದ್ದಳು. ಕರಡಿಗೆ ಮತ್ತೆ ಎದೆಯ ಮೇಲಿತ್ತು. ನಡೆದು ಬಂದರೂ ಉಬ್ಬಸ ಇಲ್ಲ. ಆದರೂ ನಾನು ದಾದಿ, ಅಳೆಯದೆ ಹೋಗಲಾಗುತ್ತದೆಯೇ? ಕೆಣಕಿದೆ.

“ಹೋಯ್ತೀನಿ ಅವ್ವಾ. ಇನ್ನೊಂದ್ಸಲ ಉಬ್ಬಸ ಬಂದ್ರೆ ಹೇಳಿ ಕಳ್ಸಿ, ಓಡ್ ಬತ್ತೀನಿ.”

ಅವಳು ಎದೆ ತುಂಬ ಉಸಿರು ಎಳೆದುಕೊಂಡಳು. ನಾನು ಗಂಟನ್ನು ಕೆಳಗಿಟ್ಟು ಕಿವಿ ಕೊಟ್ಟೆ.

“ಮೂದೇವಿ ಕಣೇ ನೀನು ನಿನ್ ಕೈ ಮಾಗಿ ಚಳಿ ಕೆರೆ ನಿನ್ ಬಾಯಿ ಕೆಂಡದೊಲೆ ಎರಡೂ ತಂದು ನನ್ ಮ್ಯಾಲೆ ಹಾಕಿ ನನ್ ಸೊಸೇನ ಕಾವಲಿಗೆ ಕೂರ್ಸಿ ನನ್ ಮಗನ್ ಕೈಲಿ ಬ್ಯಾರೇರ ಬಟ್ಟೆ ಹಿಂಡ್ಸಿ ಈ ಮನೆ ಮಾನ ಕಳ್ದಿದ್ದಲ್ದೆ ಇನ್ನೊಂದ್ಸಲ ಬೇರೆ ಬತ್ತೀಯಾ, ಬಾರೇ ಬಾ, ನಾನು ಸತ್ತಿದ್ದಿನ ಬಾ, ಅವತ್ತು ನಾನೇ ತಣ್ಣಗಿರ್ತೀನಿ, ನೀನು ಬರೀ ಬಿಸಿ ತಂದ್ರೆ ಸಾಕು!”